ನನ್ನ ವಿರುದ್ಧ ನಾನೇ ಗೆದ್ದದ್ದು

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಅಂತ ಗಾದೆ. ನಮ್ಮ ಮನೆಯಲ್ಲಿ ಇದರ ಎರಡು ತುಂಡೂ ಸುಳ್ಳು. ಇವರಿಗೆ, ಅಂದರೆ ನನ್ನ ಗಂಡನಿಗೆ, ಊಟ ಮಾಡಲು ಗೊತ್ತಿಲ್ಲ. ನನಗೆ ಮಾತು ಬೇಕಾದಷ್ಟು ಗೊತ್ತು, ಅದಕ್ಕೇ ಜಗಳ.

ಇವರ ಊಟದ ಕತೆ ಮೊದಲು ಹೇಳಿಬಿಡುತ್ತೇನೆ. ಮದುವೆಯಾದ ಮೇಲೆ ಎಷ್ಟೋ ವರ್ಷ ಇವರು ಬಹರೈನಿನಲ್ಲಿ, ನಾನು ಉಡುಪಿಯಲ್ಲಿ. ಇವರಿಗೆ ಹಿದ್ ಬಂದರಿನ ಹತ್ತಿರ ಸರಕು ಸಾಗಿಸುವ ಒಂದು ಕಂಪೆನಿಯಲ್ಲಿ ಕೆಲಸ. ಕೊನೆಗೂ ಸಂಬಳ ಒಂದು ಹದಕ್ಕೆ ಬಂದು, ಹೂರಾ ಎಂಬ ಬಡಾವಣೆಯಲ್ಲಿ ಒಂದು ಕೋಲ್ಡ್ ಸ್ಟೋರಿನ ಮೇಲೆ ಸಣ್ಣ ಫ್ಲಾಟ್ ಹಿಡಿದು, ವಿಸಿಟ್ ವೀಸಾದಲ್ಲಿ ನನ್ನನ್ನು ಕರೆಸಿಕೊಂಡರು. ಕೋಲ್ಡ್ ಸ್ಟೋರ್ ಎಂದರೆ ಐಸಿನ ಕಾರ್ಖಾನೆ ಅಂದುಕೊಂಡು ನಾನು ಸ್ವೆಟರ್ ತಂದಿದ್ದೆ. ನೋಡಿದರೆ ನಮ್ಮೂರಿನ ಜಿನಸಿ ಅಂಗಡಿಯೇ, ಎ.ಸಿ. ಹಾಕಿಕೊಂಡು ಕೂತಿದೆ!

ಒಳಗೆ ಬಂದು ನೋಡುತ್ತೇನೆ, ಮನೆಯಲ್ಲಿ ಮೇಜಿಲ್ಲ, ಕುರ್ಚಿಯಿಲ್ಲ. "ಊಟ ಎಲ್ಲಿ ಮಾಡ್ತೀರಿ?" ಅಂದೆ. ಇವರು ಅಡುಗೆಕಟ್ಟೆ ತೋರಿಸಿದರು. ಕುಕ್ಕರಿನ ಮುಚ್ಚಳ ತೆಗೆದು, ಅನ್ನದ ಮೇಲೆಯೇ ಸಾರು ಸುರಿದು, ನಿಂತಲ್ಲೇ ಚಮಚದಲ್ಲಿ ತಿಂದು, ಕುಕ್ಕರ್ ತೊಳೆದು ಕವುಚಿದರೆ ಊಟ ಮುಗಿಯಿತು. ಇಷ್ಟು ವರ್ಷವೂ ಹಾಗೆಯೇ. "ಅಲ್ಲ ಮಾರಾಯ್ರೆ, ಕುದುರೆಯೂ ನಿಂತೇ ತಿನ್ನುತ್ತದೆ. ಅದಕ್ಕಾದ್ರೆ ಹುಲ್ಲು ಹಾಕ್ಲಿಕ್ಕೆ ಒಬ್ಬ ಜನ ಇರ್ತಾನೆ" ಅಂದೆ. ಇವರು ನಕ್ಕರು. ಇವರ ಬಾಯಿಂದ ದಿನಕ್ಕೆ ನಾಲ್ಕು ಮಾತು ಬಂದರೆ ಆ ದಿನ ಹಬ್ಬ.

ನನಗೆ ಹೆಚ್ಚು ಹೊತ್ತು ನಿಲ್ಲಲು ಆಗುವುದಿಲ್ಲ. ಅಂಬೆಗಾಲಿಡುವ ವಯಸ್ಸಿನಲ್ಲೇ ಎಡಗಾಲಿಗೆ ಪೋಲಿಯೋ ಆಯಿತು. ತೊಡೆಯಿಂದ ಪಾದದವರೆಗೆ ಲೋಹದ ಸರಳು, ಚರ್ಮದ ಪಟ್ಟಿ, ಕೈಯಲ್ಲಿ ಬಾಗಿದ ಹಿಡಿಯ ಒಂದು ಕೋಲು. ಹಾಗಾಗಿ ಮರುದಿನವೇ ಒಂದು ಮೇಜು, ಎರಡು ಕುರ್ಚಿ ಬಂದವು. ಇವರೂ ಕುಳಿತು ಉಣ್ಣುವುದನ್ನು ಕಲಿತರು. ಮೊದಲ ದಿನ ಬಸ್ಸಿಗೆ ಕಾಯುವವರ ಹಾಗೆ ಕುರ್ಚಿಯ ತುದಿಯಲ್ಲಿ ಕೂತಿದ್ದರು. ಸ್ವಲ್ಪ ದಿನದಲ್ಲಿ ಬೆನ್ನು ಒರಗಿಸಿದರು. ಆಮೇಲೆ ಮಜ್ಜಿಗೆಗೆ ಇನ್ನಷ್ಟು ಅನ್ನ ಕೇಳುವಷ್ಟು ಸುಧಾರಿಸಿದರು. ಇದನ್ನು ನೋಡಿ ನನಗಾದ ಖುಷಿಯನ್ನು ಏನೆಂದು ಹೇಳಲಿ, ಅನ್ನ ಬಡಿಸುವಾಗ ಹಾಡು ಹೇಳುತ್ತಿದ್ದೆ.

ಆದರೆ ವಿಸಿಟ್ ವೀಸಾ ಎಂದರೆ ನೆಂಟರ ಲೆಕ್ಕ. ಇಲ್ಲೇ ಉಳಿಯಬೇಕಾದರೆ ಕುಟುಂಬದ ವಾಸದ ವೀಸಾ ಆಗಬೇಕು, ಅದಕ್ಕೆ ಮೆಡಿಕಲ್ ಆಗಬೇಕು. ರಕ್ತ, ಎಕ್ಸ್‌ರೇ ಎಲ್ಲ ಸಲೀಸಾಗಿ ಮುಗಿಯಿತು. ಡಾಕ್ಟರಮ್ಮ ನನ್ನ ಕಾಲಿನ ಸರಳನ್ನು ನೋಡಿ, ಮೆಲ್ಲಗೆ ಮುಟ್ಟಿ, ಇದನ್ನು ಇನ್ನೊಬ್ಬರೂ ನೋಡಬೇಕು ಅಂದರು. ಇನ್ನೊಬ್ಬರೂ ನೋಡಿದರು. ತಿಳಿಸುತ್ತೇವೆ, ಇನ್ಶಾ ಅಲ್ಲಾ, ಅಂದರು. ಯಾರೂ ಒಂದು ಕೆಟ್ಟ ಮಾತು ಆಡಲಿಲ್ಲ. ಆದರೆ ವಿಸಿಟ್ ವೀಸಾ ಮುಗಿಯುತ್ತ ಬಂದಿತ್ತು. ಒಪ್ಪಿಗೆ ಸಿಗದಿದ್ದರೆ ನಾನು ಉಡುಪಿಗೆ, ಇವರು ಪುನಃ ಕುಕ್ಕರಿಗೆ. ನನಗೆ ಭಯವಿತ್ತು, ಸುಳ್ಳು ಯಾಕೆ ಹೇಳಲಿ. ಭಯವಾದಾಗ ನಾನು ಇಮ್ಮಡಿ ಮಾತಾಡುತ್ತೇನೆ, ಅಷ್ಟೇ.

ಹೀಗಿರುವಾಗ ಎದುರು ಫ್ಲಾಟಿನ ಅಕ್ಕ ಒಂದು ಸುದ್ದಿ ತಂದಳು. ಅವಳು ಮಂಗಳೂರು ಕಡೆಯ ಬ್ಯಾರಿ ಮುಸ್ಲಿಂ ಹೆಂಗಸು, ಮನೆಯಲ್ಲಿ ಏನೇ ಮಾಡಿದರೂ ಒಂದು ಪಾಲು ನಮಗೆ. "ಶುಕ್ರವಾರ ಕನ್ನಡದವರ ಸಂಘದಲ್ಲಿ ಚರ್ಚಾಸ್ಪರ್ಧೆ ಉಂಟಂತೆ. ನಿನಗೆ ಬಾಯಿ ತುರಿಸ್ತದಲ್ಲ, ಹೋಗುವ" ಅಂದಳು. ನನ್ನ ಬಾಯಿ ಶಾಲೆಯಿಂದಲೇ ತುರಿಸುವ ಬಾಯಿ. ಉಳಿದ ಮಕ್ಕಳು ಮೈದಾನದಲ್ಲಿ ಓಡುವಾಗ ಡ್ರಿಲ್ ಮೇಷ್ಟ್ರು ನನ್ನನ್ನು ಚರ್ಚಾಸ್ಪರ್ಧೆಗೆ ಹತ್ತಿಸಿದ್ದರು. ಪರವೋ ವಿರೋಧವೋ, ಕೊಟ್ಟ ಪಕ್ಷವನ್ನು ಗೆಲ್ಲಿಸದೆ ನಾನು ವೇದಿಕೆಯಿಂದ ಇಳಿದವಳೇ ಅಲ್ಲ.

ಶುಕ್ರವಾರ ಸಂಜೆ ಮೂವರೂ ಹೋದೆವು. ಬಾಗಿಲಲ್ಲಿ ಸಂಘದ ಕಾರ್ಯದರ್ಶಿ, ದಾವಣಗೆರೆ ಕಡೆಯ ಎಂಜಿನಿಯರು, ಮಾಹೂಝ್ ಬಡಾವಣೆಯಲ್ಲಿ ವಾಸ. ಹೆಸರು ಕೊಡಲು ಬಂದಿದ್ದೇನೆ ಎಂದಾಗ ಅವರು ನನ್ನ ಕೋಲು ನೋಡಿದರು, ಕಾಲು ನೋಡಿದರು, ಗೋಡೆಯ ಮೇಲಿನ ಬ್ಯಾನರ್ ನೋಡಿದರು. ನಾನೂ ನೋಡಿದೆ. ಅಲ್ಲಿ ಇಷ್ಟು ದೊಡ್ಡ ಅಕ್ಷರದಲ್ಲಿ ಬರೆದಿತ್ತು: 'ಅಂಗವಿಕಲರಿಗೆ ಪರದೇಶದಲ್ಲಿ ವಾಸದ ಪರವಾನಗಿ ಕೊಡಬೇಕೇ?'

"ಅಯ್ಯೋ ಮೇಡಂ, ಹೋದ ತಿಂಗಳೇ ಫಿಕ್ಸ್ ಮಾಡಿದ್ ಟಾಪಿಕ್ ಇದು. ದೇವ್ರಾಣೆ ನಿಮ್ಮನ್ನ ನೋಡಿ ಇಟ್ಟಿದ್ದಲ್ಲ" ಅಂದರು ಪಾಪದ ಮನುಷ್ಯ. ನನಗೆ ನಗು ಒತ್ತರಿಸಿ ಬಂತು. ಅವರು ಸ್ಟೀಲ್ ಡಬ್ಬಿ ಮುಂದೆ ಹಿಡಿದರು, ಅದರೊಳಗೆ ಮಡಚಿದ ಚೀಟಿಗಳು. ನಾನು ಕೈಹಾಕಿ ತೆಗೆದು ಬಿಡಿಸಿದರೆ 'ವಿರೋಧ'.

ಕಾರ್ಯದರ್ಶಿಗಳ ಮುಖದಲ್ಲಿ ರಕ್ತ ಇರಲಿಲ್ಲ. "ಚೀಟಿ ಚೇಂಜ್ ಮಾಡ್ಕೊಳ್ಳಿ ಮೇಡಂ, ಪ್ಲೀಸ್. ಯಾರೂ ಏನೂ ಅಂದ್ಕೊಳಲ್ಲ."

"ಯಾಕೆ? ಬಂದ ಚೀಟಿ ಬಂದದ್ದೇ" ಅಂದೆ.

"ನಿನ್ನ ಕಾಲಿನ ಮೇಲೆ ನೀನೇ ಕಲ್ಲು ಹಾಕಿಕೊಳ್ತೀಯಲ್ಲಾ!" ಅಂತ ಅಕ್ಕ ತಲೆ ಚಚ್ಚಿಕೊಂಡಳು. "ಗಟ್ಟಿ ಇರುವ ಕಾಲಿನ ಮೇಲೆಯೇ ಹಾಕಿಕೊಳ್ತೇನೆ, ನೀನು ಹೆದರ್ಬೇಡ" ಅಂದೆ. ಇವರು ಮೂರನೇ ಸಾಲಿನಲ್ಲಿ ಹೋಗಿ ಕೂತರು.

ಪರವಾಗಿ ಮಾತಾಡಿದವರು ಒಬ್ಬ ಬ್ಯಾಂಕಿನವರು, ಒಳ್ಳೆಯ ಕಂಠ. ನನ್ನನ್ನು ನೋಡಿದ್ದೇ ನನ್ನ ಕಡೆ ಕೈ ಚಾಚಿದರು. "ಇವರು ವಿಶೇಷ ಚೇತನರು. ದೇವರ ಮಕ್ಕಳು. ಮುಗ್ಧರು. ಇವರಿಗೆ ನಾವು ಕರುಣೆ ತೋರಿಸಬೇಕು" ಅಂತ ಕನ್ನಡಕ ತೆಗೆದು ಒರೆಸಿಕೊಂಡರು. ನನಗೆ ರೇಗಿತು ನೋಡಿ! ಹೆಸರು ಬದಲಾಯಿಸಿದ ಕೂಡಲೇ ಮೆಟ್ಟಿಲು ಕಡಿಮೆಯಾಗುತ್ತದಾ? ಮತ್ತೆ ಮುಗ್ಧೆಯಂತೆ. ಮೂರನೇ ಕ್ಲಾಸಿನಲ್ಲಿ ಕಾಲುನೋವಿನ ನೆವ ಹೇಳಿ ಮಗ್ಗಿ ತಪ್ಪಿಸಿಕೊಂಡವಳು ನಾನು, ಯಾವ ಸೀಮೆಯ ಮುಗ್ಧೆ? ಇಂಥವರ ವಿರುದ್ಧ ಮಾತಾಡಲು ಚೀಟಿ ಬಂದದ್ದು ನನ್ನ ಪುಣ್ಯ ಅನ್ನಿಸಿತು.

ಮೈಕ್ ಹಿಡಿದೆ. "ದಯವಿಟ್ಟು ನಮ್ಮನ್ನು ಬಿಟ್ಟುಕೊಳ್ಳಬೇಡಿ" ಅಂತಲೇ ಶುರು ಮಾಡಿದೆ. "ನಾವು ಬಂದರೆ ಕೆಟ್ಟ ಲಿಫ್ಟುಗಳನ್ನೆಲ್ಲ ರಿಪೇರಿ ಮಾಡಿಸಬೇಕಾಗುತ್ತದೆ. ಆಮೇಲೆ ನಿಮಗೂ ಲಿಫ್ಟಿನ ಚಟ ಹತ್ತುತ್ತದೆ. ನಮಗೆ ಆಫೀಸಿನಲ್ಲಿ ಕೆಲಸ ಕೊಡಬೇಡಿ. ಚಾ ಕುಡಿಯಲು, ಸಿಗರೇಟು ಸೇದಲು, ಸುಮ್ಮನೆ ಅಡ್ಡಾಡಲು ನೀವು ಹತ್ತು ಸಲ ಏಳುತ್ತೀರಿ. ನಾವು ಕೂತರೆ ಕೂತದ್ದೇ. ಮ್ಯಾನೇಜರು ನೋಡಿದರೆ ನಿಮ್ಮ ಮಾನ ಉಳಿಯುತ್ತದಾ? ಕ್ಯೂನಲ್ಲಿ ನಮ್ಮನ್ನು ಮುಂದೆ ಬಿಡುತ್ತಾರೆ. ನಮ್ಮ ಜೊತೆ ನಮ್ಮ ಗಂಡನೂ ನುಗ್ಗುತ್ತಾನೆ, ಅವನ ಎರಡೂ ಕಾಲು ಗುಂಡುಕಲ್ಲಿನ ಹಾಗಿದ್ದರೂ!"

ಸಭೆ ಬಿದ್ದು ಬಿದ್ದು ನಕ್ಕಿತು. ಕಾರ್ಯದರ್ಶಿಗಳು ನಗಬಹುದೋ ಬಾರದೋ ಎಂದು ಗೊತ್ತಾಗದೆ ಕರವಸ್ತ್ರ ಬಾಯಿಗೆ ಒತ್ತಿಕೊಂಡಿದ್ದರು. ನನಗೆ ಅಮಲು ಏರಿತು. ನಕ್ಕವರನ್ನು ಹಾಗೇ ಬಿಟ್ಟರೆ ಅಂಕ ಬರುವುದಿಲ್ಲ, ಕೊನೆಗೆ ಒಂದು ಗಟ್ಟಿ ವಾದ ಇಡಬೇಕು, ಅದು ಆಟದ ನಿಯಮ. ಇಟ್ಟೆ.

"ತಮಾಷೆ ಸಾಕು. ಮನೆಯ ಯಜಮಾನನಿಗೆ ಯಾರನ್ನು ಒಳಗೆ ಕರೆಯಬೇಕೆಂದು ಆರಿಸುವ ಹಕ್ಕಿದೆ. ಈ ದೇಶದ ಆಸ್ಪತ್ರೆ ಮೊದಲು ಈ ದೇಶದವರಿಗೆ. ನಮ್ಮನ್ನೆಲ್ಲ ಇಲ್ಲಿಗೆ ಕರೆಸಿದ್ದು ದುಡಿಮೆಯ ಲೆಕ್ಕದಲ್ಲಿ. ದುಡಿಮೆ ಮುಗಿದ ದಿನ ನೀವೂ ಹೊರಡುವವರೇ. ಇಲ್ಲಿ ಕೂತಿರುವ ಒಬ್ಬರಾದರೂ ಪ್ರೀತಿಯ ಲೆಕ್ಕದಲ್ಲಿ ಬಂದಿದ್ದೀರಾ? ಇಲ್ಲ. ಹಾಗಾದರೆ ಕಾಲಿಲ್ಲದವರಿಗೆ ಮಾತ್ರ ಪ್ರೀತಿಯ ಲೆಕ್ಕ ಯಾಕೆ?"

ನಗು ನಿಂತಿತು. ವಾದ ಸರಿಯಾಗಿ ಬಿತ್ತೆಂದು ನನಗೆ ಗೊತ್ತಾಯಿತು. ನನ್ನನ್ನು ವಾಪಸ್ ಕಳಿಸಲು ಇದಕ್ಕಿಂತ ಒಳ್ಳೆಯ ಕಾರಣವನ್ನು ಯಾರೂ ಹೇಳಲಾರರು ಎಂದು ನನಗೇ ಅನ್ನಿಸಿತು. ಅದೂ ನನ್ನ ಬಾಯಿಂದಲೇ ಬಂದದ್ದು. ಮೂರನೇ ಸಾಲಿನಲ್ಲಿ ಇವರು ನೆಲ ನೋಡುತ್ತಿದ್ದರು.

ಆಗ ಅಕ್ಕನ ದನಿ ಎದ್ದಿತು: "ಸಾಕು ಮಾರಾಯ್ತಿ, ಕೂತ್ಕೊ! ನಿನ್ನ ವೀಸಾ ಇನ್ನೂ ಆಗ್ಲಿಲ್ಲ!"

ಏನು ಗದ್ದಲ! ನಗುವವರು, ಹೌಹಾರಿದವರು, ಛೆ ಛೆ ಅನ್ನುವವರು. ಕಾರ್ಯದರ್ಶಿಗಳು ಗಂಟೆ ಬಾರಿಸಿಯೇ ಬಾರಿಸಿದರು. ಗದ್ದಲ ಸ್ವಲ್ಪ ಇಳಿದಾಗ, "ಸಭಿಕರು ಪ್ರಶ್ನೆ ಕೇಳ್ಬಹುದು" ಅಂದರು.  ಒಂದೇ ಒಂದು ಕೈ ಎದ್ದಿತು. ಇವರದು.

ಮದುವೆಯ ದಿನ ಕೂಡ ಪುರೋಹಿತರು ಮೂರು ಸಲ ಹೇಳಿಕೊಟ್ಟ ಮೇಲೆ ಬಾಯಿ ಬಿಟ್ಟವರು, ಎದ್ದು ನಿಂತು, ಮೈಕ್ ಬೇಡ ಎಂದು ಕೈಯಾಡಿಸಿ ಕೇಳಿದರು: "ನಿನ್ನನ್ನ ಕಳಿಸಿದ್ರೆ ನಾನು ಪುನಃ ನಿಂತುಕೊಂಡು ಊಟ ಮಾಡ್ಬೇಕಾ?"

ಸಭೆ ಹೋ ಎಂದು ನಕ್ಕಿತು. ಯಾರಿಗೂ ತಲೆಬುಡ ಗೊತ್ತಾಗದಿದ್ದರೂ ಗಂಡ ಹೆಂಡತಿಯ ಜಗಳ ನೋಡಲು ಯಾರಿಗೆ ಬೇಡ? ನನಗೆ ಮಾತ್ರ ಗೊತ್ತಾಯಿತು. ನಾನು ಬಾಯಿ ತೆರೆದೆ. ಶಾಲೆಯಿಂದ ಇವತ್ತಿನವರೆಗೆ ಯಾವ ಪ್ರಶ್ನೆಗೂ ಉತ್ತರ ಕೊಡದೆ ಬಿಟ್ಟವಳಲ್ಲ. ಆದರೆ ಆಗ ಮಾತ್ರ "ಉತ್ತರ ಇಲ್ಲ" ಎಂದು ಮೈಕ್ ಇಟ್ಟು ಕೂತೆ.

ಆದರೂ ಮೊದಲ ಬಹುಮಾನ ನನಗೇ. ತೀರ್ಪುಗಾರರು ಕರುಣೆಯಿಂದ ಕೊಟ್ಟರೋ ಎಂಬ ಸಂಶಯಕ್ಕೆ ಅಂಕ ಕೇಳಿ ತಿಳಿದುಕೊಂಡೇ ವೇದಿಕೆ ಹತ್ತಿದೆ. ಬಹುಮಾನವನ್ನು ಯಾರೋ ಟಿಕೆಟ್ ಏಜೆಂಟರು ಪ್ರಾಯೋಜಿಸಿದ್ದರಂತೆ. ಪರದೆಯ ಹಿಂದಿನಿಂದ ಹೊರಗೆ ಬಂದದ್ದು ಒಂದು ದೊಡ್ಡ ಟ್ರಾಲಿ ಬ್ಯಾಗ್. ಕೆಂಪು ಬಣ್ಣ, ನಾಲ್ಕು ಚಕ್ರ.

 ಕಾರ್ಯದರ್ಶಿಗಳು ಬ್ಯಾಗನ್ನು ನನ್ನ ಕೈಗೆ ಕೊಡುವುದೋ ಹಿಂದೆ ತಳ್ಳುವುದೋ ತಿಳಿಯದೆ ಅದರ ಹಿಡಿಯನ್ನು ಎಳೆಯುತ್ತ, ಇಳಿಸುತ್ತ ನಿಂತರು. ನನಗೆ ನಗು ತಡೆಯಲಾಗಲಿಲ್ಲ. ಎಷ್ಟು ನಕ್ಕೆನೆಂದರೆ ಅದೇ ಬ್ಯಾಗನ್ನು ಹಿಡಿದುಕೊಳ್ಳಬೇಕಾಯಿತು. ಹಿಡಿದರೆ, ಒಳ್ಳೆ ಆಸರೆ! ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಬ್ಯಾಗ್, ವೇದಿಕೆಯ ಪಕ್ಕದ ಇಳಿಜಾರಿನಲ್ಲಿ ಮದುಮಗಳ ಹಾಗೆ ಇಳಿದು ಬಂದೆ. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಅಕ್ಕ ಮಾತ್ರ ದಾರಿಯುದ್ದಕ್ಕೂ, "ಅಪಶಕುನದ ಪೆಟ್ಟಿಗೆ, ಯಾರಿಗಾದ್ರೂ ಕೊಟ್ಟುಬಿಡು" ಅನ್ನುತ್ತಿದ್ದಳು. ಇವರು ಕಾರು ಓಡಿಸಿದರು.

ಶನಿವಾರ ಹೇಗೋ ಕಳೆಯಿತು. ಇಲ್ಲಿ ವಾರದ ರಜೆ ಶುಕ್ರ, ಶನಿ, ಹಾಗಾಗಿ ಭಾನುವಾರ ಆಫೀಸುಗಳು ತೆರೆದವು. ಇವರು ತಿಂಡಿ ತಿನ್ನದೆ ವೀಸಾ ವಿಚಾರಿಸಲು ಹೋದರು. ನಾನು ಮೇಜಿನ ಮುಂದೆ ಕೂತು ಅಲಸಂಡೆ ಮುರಿಯುತ್ತಿದ್ದೆ. ಮುರಿದದ್ದನ್ನೇ ಪುನಃ ಮುರಿಯುತ್ತಿದ್ದೆ ಎಂದು ಆಮೇಲೆ ಗೊತ್ತಾಯಿತು. ಬಾಗಿಲ ಪಕ್ಕದಲ್ಲಿ ಆ ಕೆಂಪು ಬ್ಯಾಗ್ ನಿಂತಿತ್ತು.

ಮಧ್ಯಾಹ್ನ ಬೀಗ ತೆರೆದ ಸದ್ದಾಯಿತು. ಇವರು ಶೂ ಕೂಡ ಬಿಚ್ಚಲಿಲ್ಲ. ನನ್ನ ಮುಖ ನೋಡದೆ ಸೀದಾ ಅಡುಗೆಮನೆಗೆ ನಡೆದರು. ಕುಕ್ಕರಿನ ಮುಚ್ಚಳ ತೆಗೆದರು. ಸಾರು ಸುರಿದರು. ನಿಂತಲ್ಲೇ ಚಮಚದಲ್ಲಿ ತಿನ್ನತೊಡಗಿದರು.

 ಆಯಿತು, ಮುಗಿಯಿತು ಅಂದುಕೊಂಡೆ. ನಾನಿನ್ನೂ ಮನೆಯಲ್ಲಿರುವಾಗಲೇ ಮನುಷ್ಯ ಹಳೆಯ ಅಭ್ಯಾಸ ಶುರು ಮಾಡಿದ್ದಾರೆ. ಅಳು ಬರುವ ಮೊದಲು ಕೇಳಿಬಿಡೋಣ ಎಂದು, "ಆಗ್ಲಿಲ್ಲ ಅಲ್ವಾ?" ಅಂದೆ. ಇವರು ಬಾಯಿ ತುಂಬ ಅನ್ನ ಇಟ್ಟುಕೊಂಡು ಚಮಚ ಆಡಿಸಿದರು. ಹೌದೆಂದೋ ಅಲ್ಲವೆಂದೋ ದೇವರಿಗೇ ಗೊತ್ತು.

"ನುಂಗಿ ಮಾತಾಡಿ ಮಾರಾಯ್ರೆ!" ಎಂದು ಕಿರುಚಿದೆ.

ನುಂಗಿದರು. "ಆಯ್ತು. ವೀಸಾ ಆಯ್ತು. ಬೆಳಗ್ಗಿಂದ ಹೆದರಿಕೆಯಲ್ಲಿ ಒಂದು ತುತ್ತು ಇಳೀಲಿಲ್ಲ ನನಗೆ. ಗೊತ್ತಾದ ಕೂಡ್ಲೆ ಹಸಿವು ಬಂತು ನೋಡು, ಕಾರಿನಲ್ಲಿ ಕೂತ್ಕೊಳ್ಲಿಕ್ಕೆ ಆಗ್ಲಿಲ್ಲ." ಇಷ್ಟು ಉದ್ದದ ಮಾತು ಇವರು ಅದಕ್ಕೆ ಮೊದಲು ಆಡಿದ್ದೂ ಇಲ್ಲ, ಆಮೇಲೆ ಆಡಿದ್ದೂ ಇಲ್ಲ. ಹೇಳಿ ಪುನಃ ಚಮಚ ಎತ್ತಿದರು.

ನಾನು ನಕ್ಕೆನೋ ಅತ್ತೆನೋ, ಎರಡೂ ಒಟ್ಟಿಗೇ ಬಂತು. ಅಲಸಂಡೆಯೆಲ್ಲ ನೆಲದ ಪಾಲಾಯಿತು. "ಬೇಡ" ಅಂದೆ.

"ಎಂತ ಬೇಡ?"

"ಶುಕ್ರವಾರ ಕೇಳಿದ್ರಲ್ಲ, ಪುನಃ ನಿಂತುಕೊಂಡು ಉಣ್ಬೇಕಾ ಅಂತ. ಬೇಡ." ಕೋಲಿನ ಬಾಗಿದ ಹಿಡಿಯಿಂದ ಎದುರಿನ ಕುರ್ಚಿಯನ್ನು ಎಳೆದೆ. "ಕೂತ್ಕೊಳ್ಳಿ."

ಕುಕ್ಕರನ್ನು ತಬ್ಬಿಕೊಂಡೇ ಬಂದು ಇವರು ಕೂತರು.