ಮೀನಿನ ಐಸಿನಲ್ಲಿ ಬಂದ ರಕ್ತ

1981ರಲ್ಲಿ ನಾನು ಉಡುಪಿಯ ಒಂದು ಸಣ್ಣ ಲ್ಯಾಬಿನಲ್ಲಿ ಟೆಕ್ನಿಷಿಯನ್. ರಕ್ತದ ಸೋಡಿಯಂ, ಪೊಟ್ಯಾಶಿಯಂ ಅಳೆಯುವ ಫ್ಲೇಮ್ ಫೋಟೋಮೀಟರ್ ನನ್ನ ವಶದಲ್ಲಿತ್ತು. ಅದರ ಜಂಬವೂ ಇತ್ತು. ಆ ಜಂಬ ನೆನಪಾದರೆ ಇವತ್ತಿಗೂ ಮೈ ಉರಿಯುತ್ತದೆ.

ಕಾಪುವಿನ ಒಬ್ಬ ಡಾಕ್ಟರರಿಂದ ಜುಬೈದಾ ಎಂಬ ಹತ್ತೊಂಬತ್ತರ ಹುಡುಗಿಯ ರಕ್ತ ಎರಡು ಸಲ ಬಂದಿತ್ತು. ಕಾಲು ಸೋತು ಬೀಳುತ್ತಾಳೆ, ಕೈ ಸೆಟೆದುಕೊಳ್ಳುತ್ತದೆ ಎಂದು ಚೀಟಿಯಲ್ಲಿತ್ತು. ಪೊಟ್ಯಾಶಿಯಂ ಮೊದಲ ಸಲ 4.1, ಆಮೇಲೆ 4.3. ಎರಡಕ್ಕೂ ನಾರ್ಮಲ್ ಎಂದು ಬರೆದು ಕಳಿಸಿದೆ. ಡಾಕ್ಟರರು ಹಿಸ್ಟೀರಿಯಾ ಎಂದರು. ಕೆಲಸ ತಪ್ಪಿಸಲು ನಾಟಕ ಎಂದು ಗಂಡನ ಮನೆಯವರು ಅವಳನ್ನು ತವರಿಗೆ ಅಟ್ಟಿದರು. ಸಂಬಂಧ ಕಡಿದುಕೊಳ್ಳುವ ಮಾತೂ ಶುರುವಾಗಿತ್ತು.

ಒಂದು ಬೆಳಿಗ್ಗೆ ಅವಳ ತಂದೆ, ಉಚ್ಚಿಲದಲ್ಲಿ ಅಂಗಡಿ ಇಟ್ಟಿದ್ದ ಅಬ್ಬಾಸ್ ಕಾಕ, ಮಗಳನ್ನು ಹೆಗಲಿಗೆ ಆನಿಸಿಕೊಂಡು ಲ್ಯಾಬಿಗೇ ಬಂದರು.

“ಇವಳು ನಾಟಕದವಳಲ್ಲ ಸಾರ್. ಇವಳ ಅಣ್ಣನೂ ಹೀಗೇ ಕಾಲು ಸೋತು ಸೋತು ತೀರಿಹೋದದ್ದು. ಇನ್ನೊಮ್ಮೆ ನೋಡಿ.”

“ಮಿಷನ್ ಸುಳ್ಳು ಹೇಳುತ್ತದಾ ಕಾಕ?” ಎಂದು ರೇಗಿದೆ. ಆದರೂ ರಕ್ತ ತೆಗೆದು, ಕಣಗಳಿಂದ ಸೀರಂ ಎಂಬ ತಿಳಿ ಭಾಗ ಬೇರ್ಪಡಿಸಿ, ಆಗಲೇ ಅಳೆದೆ. 2.1! ಮತ್ತೊಮ್ಮೆ ಅಳೆದೆ. ಅದೇ. 3.5ಕ್ಕಿಂತ ಕೆಳಗಿಳಿಯಬಾರದು; ಇದು ಸ್ನಾಯುಗಳು ಸೋತು ಹೃದಯವೇ ನಿಂತುಹೋಗಬಹುದಾದ ಮಟ್ಟ.

“ಮೊದಲೆಲ್ಲ ರಕ್ತ ಹೇಗೆ ಕಳಿಸಿದ್ದು?”

“ಕಂಪೌಂಡರು ಸಂಜೆ ತೆಗೆದು ಮೀನಿನ ಐಸಿನಲ್ಲಿ ಇಟ್ಟದ್ದು, ಬೆಳಗ್ಗಿನ ಬಸ್ಸಿಗೆ ಕೊಟ್ಟದ್ದು. ಮೀನೇ ಹಾಳಾಗುವುದಿಲ್ಲ, ರಕ್ತಕ್ಕೆ ಎಂತ ಆಗ್ತದೆ ಅಂದರು.”

ಥೂ ನನ್ನ ಬುದ್ಧಿಗೆ! ರಕ್ತಕಣದ ಪೊರೆಯಲ್ಲಿ ಒಂದು ಪಂಪ್ ಉಂಟು. ಅದು ಸೋಡಿಯಮನ್ನು ಹೊರಗೆ ತಳ್ಳಿ, ಪೊಟ್ಯಾಶಿಯಮನ್ನು ಒಳಗೆ ಎಳೆದಿಡುತ್ತದೆ. ಐಸಿನ ಚಳಿಗೆ ಅದು ಸ್ತಬ್ಧವಾಗುತ್ತದೆ, ಒಳಗಿನ ಪೊಟ್ಯಾಶಿಯಂ ನಾವು ಅಳೆಯುವ ಸೀರಂಗೆ ಸೋರುತ್ತದೆ. ಹುಡುಗಿಯ ಮೈಯಲ್ಲಿದ್ದ ಕೊರತೆ ಟ್ಯೂಬಿನಲ್ಲಿ ಮುಚ್ಚಿಹೋಗಿತ್ತು. ಇದನ್ನೆಲ್ಲ ಓದಿಯೇ ನಾನು ಪಾಸಾದವನು. ಆ ಟ್ಯೂಬುಗಳನ್ನು ತಣ್ಣಗಿರುವಾಗಲೇ ಕೈಯಲ್ಲಿ ಹಿಡಿದವನೂ ನಾನೇ.

ಡಾಕ್ಟರರಿಗೆ ಫೋನ್ ಮಾಡಿದೆ. “ಎಂತ ಮಾರಾಯ, ಎರಡು ಸಲ ನಾರ್ಮಲ್ ಬರೆದದ್ದು ನೀನೇ ಅಲ್ವಾ?” ಎಂದು ಫೋನ್ ಇಟ್ಟರು. ಸಿಟ್ಟು ನೆತ್ತಿಗೇರಿತು, ಆದರೆ ತಿರುಗಿ ಬಯ್ಯಲು ನನಗೆ ಯಾವ ಮುಖವಿತ್ತು?

ಆಗಲೇ ಕಾರು ಗೊತ್ತುಮಾಡಿ ತಂದೆ ಮಗಳನ್ನು ಮಣಿಪಾಲದ ಆಸ್ಪತ್ರೆಗೆ ಕಳಿಸಿದೆ. ಮೂತ್ರಪಿಂಡದ ಸೂಕ್ಷ್ಮ ನಾಳಗಳು ಉಪ್ಪನ್ನೂ ಪೊಟ್ಯಾಶಿಯಮನ್ನೂ ಹಿಡಿದಿಡದೆ ಮೂತ್ರಕ್ಕೆ ಬಿಟ್ಟುಬಿಡುವ ವಂಶಪಾರಂಪರ್ಯ ಕಾಯಿಲೆ ಎಂದು ಅಲ್ಲಿ ಪತ್ತೆಯಾಯಿತು. ಪೊಟ್ಯಾಶಿಯಂ ಔಷಧಿ ಶುರು ಮಾಡಿದರು.

ವಾರ ಕಳೆದು ಕಾಕ ಮತ್ತೆ ಬಂದರು. “ಹೊಸ ರಿಪೋರ್ಟ್ ಕೊಟ್ಟಿರಿ. ಹಳೆಯದು ಎರಡೂ ತಪ್ಪು ಅಂತ ಯಾರು ಬರೆದುಕೊಡುತ್ತಾರೆ? ಅಳಿಯನ ಮನೆಯವರು ಹಿಡಿದುಕೊಂಡು ಕೂತದ್ದು ಅದನ್ನೇ.” ಲ್ಯಾಬಿನ ಹೆಸರು ಕೆಡುತ್ತದೆ, ಬೇಡ ಎಂದು ಮಾಲೀಕರು ಗದರಿದರು. ಅವರೆದುರೇ ಬರೆದು ಸಹಿ ಹಾಕಿದೆ.

ಆ ಕಾಗದ ನೋಡಿ ಗಂಡನ ಮನೆಯವರು ಅವಳನ್ನು ಕರೆಸಿಕೊಂಡರು. ಅಂದಿನಿಂದ ರಕ್ತ ಹೇಗೆ ಬಂತೆಂದು ಕೇಳದೆ, ರೋಗಿಗೆ ಏನಾಗುತ್ತಿದೆ ಎಂದು ಓದದೆ ನಾನು ಒಂದು ಅಂಕಿಯನ್ನೂ ಬರೆದಿಲ್ಲ.

ಗಂಡನ ಮನೆಗೆ ಹೊರಡುವ ಮೊದಲು ಜುಬೈದಾ ತಾನೇ ನಡೆದು ಲ್ಯಾಬಿಗೆ ಬಂದಿದ್ದಳು. “ಏಳಲಿಕ್ಕೆ ಆಗುವುದಿಲ್ಲ ಅಂತ ನಾನು ಎಷ್ಟು ಸಲ ಹೇಳಿದೆ. ಅವರಿಗೆ ನಿಮ್ಮ ಕಾಗದವೇ ದೊಡ್ಡದಾಯಿತಲ್ವಾ ಸಾರ್?” ಎಂದಳು.

“ನನಗೂ ಹಾಗೆಯೇ ಆಗಿತ್ತಮ್ಮ. ಚೀಟಿಯಲ್ಲಿದ್ದ ನಿನ್ನ ಕಷ್ಟಕ್ಕಿಂತ ನನ್ನ ಅಂಕಿಯೇ ದೊಡ್ಡದಾಯಿತು” ಎಂದೆ.