ಬಾಣಂತಿಗೆಂದು ಇಟ್ಟ ಮೀನು

ಜಿಗಣಿ ಆಚೆಗಿನ ನಮ್ಮೂರಿಗೆ ಆಗ ದಿನಕ್ಕೆ ಎರಡೇ ಬಸ್ಸು. ಈಗ ಬಾಡಿಗೆ ರೂಮುಗಳು ಎದ್ದಿರೋ ಕಡೆಯೆಲ್ಲ ರಾಗಿ ಹೊಲ, ಅದರ ತಗ್ಗಿಗೆ ಕೆರೆ. ನಮ್ಮಪ್ಪ ಆ ಕೆರೆಗೆ ಬಲೆ ಬೀಸಿ ನಮ್ಮನ್ನ ಸಾಕಿದವನು. ಹುಣಸೆಹುಳಿ ಹಿಂಡಿ, ಮೆಂತ್ಯ ಹಾಕಿ, ಮಡಕೇಲಿ ಕಾಯಿಸಿದ ಕೆರೆಮೀನಿನ ಸಾರು ಅಂದರೆ ನನ್ನ ವಯಸ್ಸಿನವರಿಗೆ ಈಗಲೂ ಬಾಯಲ್ಲಿ ನೀರು ಬರುತ್ತೆ. ನನಗೆ ಬರಲ್ಲ.

ಆಗ ನನಗೆ ಹತ್ತು ವರ್ಷ. ಅಕ್ಕ ಮೊದಲ ಹೆರಿಗೆಗೆ ತವರಿಗೆ ಬಂದಿದ್ದಳು. ಮನೆಯಲ್ಲೇ ಹೆಣ್ಣು ಮಗು ಆಯಿತು. ಅಕ್ಕನಿಗೆ ರಕ್ತ ಬಹಳ ಹೋಯಿತು. ಬಾಣಂತಿಗೆ ರಕ್ತ ತುಂಬಿಸೋಕೆ ಕೊರಮೀನಿನ ಸಾರು ಕೊಡೋದು ನಮ್ಮ ಮನೆ ಪದ್ಧತಿ. ಸತ್ತ ಮೀನು ಆಗದು. ಅದಕ್ಕೇ ಅಪ್ಪ ತಿಂಗಳು ಮುಂಚೇನೇ ಎಂಟು ಮೀನು ಜೀವಂತ ತಂದು ಹಿತ್ತಿಲ ಕಲ್ಲುತೊಟ್ಟಿಗೆ ಬಿಟ್ಟಿದ್ದ. ಒಂದೊಂದರ ಕಿವಿರು ಎತ್ತಿ ನೋಡಿ, ಒಳಗೆ ದಾಸವಾಳದಂಗೆ ಕೆಂಪಗಿದ್ದರೆ ಮಾತ್ರ ಇಟ್ಟುಕೊಂಡಿದ್ದ. ಬಾವಿ ನೀರು ಬದಲಾಯಿಸೋದು, ಎರೆಹುಳ ಹಾಕೋದು ನನ್ನ ಕೆಲಸ.

"ಬ್ಯಾರೆ ಮೀನು ಇದರೊಳಕ್ಕೆ ಬಿಡಬ್ಯಾಡ," ಅಂದಿದ್ದ ಅಪ್ಪ.

"ಬಿಟ್ರೆ?"

"ಮೀನು ತೆಗೆದು ನಿನ್ನ ಹಾಕ್ತೀನಿ."

ಆ ಚಳಿಗಾಲ ಕೆರೆಗೆ ಹುಣ್ಣಿನ ರೋಗ ಬಂತು. ಮೀನಿನ ಮೈಮೇಲೆ ನಾಲ್ಕಾಣೆ ಅಗಲದ ಕೆಂಪು ಹುಣ್ಣು. ಕೊಳೆತ ವಾಸನೆ ಊರೊಳಕ್ಕೂ ಬರುತ್ತಿತ್ತು. ನಾವು ದಡದಲ್ಲಿ ಕುಂಟೆಬಿಲ್ಲೆ ಆಡುತ್ತಿದ್ದಾಗ ಒಂದು ಸಣ್ಣ ಕೊರಮೀನು ಹುಲ್ಲಿನ ಮೇಲೆ ಒದ್ದಾಡುತ್ತಿತ್ತು. ಬಾಲದ ಹತ್ತಿರ ಒಂದೇ ಒಂದು ಕೆಂಪು ಚುಕ್ಕೆ. ನಾನು ಕಾಲು ಕೊಯ್ದುಕೊಂಡಾಗ ಅಮ್ಮ ಅರಿಶಿನ ಮೆತ್ತುತ್ತಿದ್ದಳು. ಅದಕ್ಕೂ ಅಂಗೇ ಮೆತ್ತಿ ತೊಟ್ಟಿಗೆ ಬಿಟ್ಟೆ. ವಾಸಿಯಾದ ಮೇಲೆ ಕೆರೆಗೆ ಬಿಡೋಣ ಅಂದುಕೊಂಡಿದ್ದೆ. ಮನೇಲಿ ಹೇಳಲಿಲ್ಲ.

ಅಷ್ಟರಲ್ಲಿ ಎರಡು ಮೀನು ಸಾರಾಗಿದ್ದವು. ಉಳಿದ ಆರಕ್ಕೂ ವಾರದೊಳಗೆ ಹುಣ್ಣಾಯಿತು. ಮೊದಲು ನೀರು ಮುಟ್ಟಿದರೆ ಸರ್ರನೆ ತಳಕ್ಕೆ ಹೋಗುತ್ತಿದ್ದವು, ಈಗ ಕೈಯಲ್ಲಿ ನೂಕಿದರೂ ಮೇಲೇ ನಿಂತು ಬಾಯಿ ಬಿಡುತ್ತಿದ್ದವು. ಎರೆಹುಳ ಮೂಸಲಿಲ್ಲ. ಕಿವಿರು ಒಗೆದೊಗೆದು ಬಣ್ಣ ಹೋದ ಬಟ್ಟೆಯಂಗಿತ್ತು.

ಕೆರೆ ನೋಡೋಕೆ ಬಂದಿದ್ದ ಮೀನುಗಾರಿಕೆ ಸಾಹೇಬರೊಬ್ಬರನ್ನ ಅಪ್ಪ ಹಿತ್ತಿಲಿಗೆ ಕರೆದುಕೊಂಡು ಬಂದ. ಅವರ ಮುಂದೆಯೇ ಒಂದನ್ನ ಕೊಯ್ದ. ಕುಂಕುಮದ ಕೈ ತೊಳೆದಂಥ ನೀರು ಬಂತು.

"ಇದೇನ್ ಸ್ವಾಮಿ, ರಕ್ತಾನೇ ಇಲ್ಲ?"

"ಹುಣ್ಣಿಂದ ಸೋರಿ ಹೋಗುತ್ತೆ. ಹೊಸದು ಹುಟ್ಟೋಕೂ ರೋಗ ಬಿಡಲ್ಲ. ರಕ್ತ ತೆಳ್ಳಗಾದ್ರೆ ಎಷ್ಟು ಉಸಿರೆಳೆದ್ರೂ ಮೈಗೆ ಸಾಲಲ್ಲ ಕಣಪ್ಪ, ಅದಕ್ಕೇ ಬಾಯಿ ಬಿಡ್ತವೆ. ತಿನ್ನಬೇಡಿ, ಹೂತುಬಿಡಿ."

ನಾನು ಬಾಣಂತಿ ಕೋಣೆಗೆ ಓಡಿದೆ. ಕೆಂಡಕ್ಕೆ ಹಾಕಿದ ಸಾಂಬ್ರಾಣಿ, ಬೆಳ್ಳುಳ್ಳಿ, ಎಳೇ ಮಗುವಿನ ವಾಸನೆ. ಅಕ್ಕ ಕಿವಿಗೆ ಬಟ್ಟೆ ಕಟ್ಟಿಕೊಂಡು ಗೋಡೆಗೆ ಒರಗಿದ್ದಳು. ಅರಿಶಿನ ಮೆತ್ತಿದ್ದು, ತೊಟ್ಟಿಗೆ ಬಿಟ್ಟಿದ್ದು ಎಲ್ಲಾ ಹೇಳಿದೆ.

"ನನ್ನ ಸಾರಿಗೇ ಕೈ ಇಟ್ಯೇನೇ, ಕತ್ತೆ," ಅಂತ ನಕ್ಕಳು. ಅಷ್ಟಕ್ಕೇ ಏದುಸಿರು ಬಂತು. "ಅಪ್ಪಂಗೆ ನಾನು ಹೇಳಲ್ಲ. ನೀನೂ ಹೇಳಬ್ಯಾಡ. ಅದರ ಬದಲಿಗೆ ಒಂದು ಚೊಂಬು ನೀರು ತಂದುಕೊಡು."

ಬಾಣಂತಿಗೆ ನೀರು ಅಳತೆ ಮಾಡಿ ಕೊಡುತ್ತಿದ್ದ ಕಾಲ. ಕದ್ದು ತಂದುಕೊಟ್ಟೆ. ಗಟಗಟ ಕುಡಿದಳು. ಕುಡಿದು ಬಾಯಿ ತೆರೆದುಕೊಂಡು ಕೂತಳು. ನಾನು ಅವಳ ಕೆಳರೆಪ್ಪೆ ಎಳೆದು ನೋಡಿದೆ. ಊರಿಗೆ ಬರುತ್ತಿದ್ದ ನರ್ಸಮ್ಮ ಹಿಂದಿನ ವಾರ ಅಂಗೇ ನೋಡಿ, "ಇವಳಿಗೆ ರಕ್ತ ಹಾಕಿಸಬೇಕು, ಬೆಂಗಳೂರಿಗೆ ಕರ್ಕೊಂಡು ಹೋಗಿ," ಅಂದಿದ್ದಳು. ಅಮ್ಮ ಒಪ್ಪಿರಲಿಲ್ಲ. ಹಸೀ ಬಾಣಂತಿ ಹೊಸಿಲು ದಾಟಿದರೆ ಗಾಳಿ ಹಿಡಿಯುತ್ತೆ, ಮೀನು ಐತಲ್ಲ, ರಕ್ತ ತಾನಾಗೇ ತುಂಬುತ್ತೆ ಅಂದಿದ್ದಳು.

ಅಡುಗೆಮನೆಗೆ ಹೋಗಿ ಅಮ್ಮನಿಗೆ ಹೇಳಿದೆ, "ಅಕ್ಕನ ಕಣ್ಣೊಳಗೂ ಆ ಮೀನಿನ ಕಿವಿರಿನಂಗೇ ಬೆಳ್ಳಗೈತೆ. ಬಾಯಿ ಬಿಡ್ತಾವಳೆ."

ಕೆನ್ನೆಗೆ ಬಿತ್ತು. "ಬಾಣಂತೀನ ಸತ್ತ ಮೀನಿಗೆ ಹೋಲಿಸ್ತೀಯೇನೇ ಮುಂಡೇದೇ."

ಅಪ್ಪ ಬೈಲಿಲ್ಲ, ತೊಟ್ಟಿಗೆ ರೋಗ ತಂದದ್ದು ಯಾರು ಅಂತಲೂ ಕೇಳಲಿಲ್ಲ. ರೋಗ ಇಲ್ಲದ ಕೆರೆ ಹುಡುಕಿಕೊಂಡು ಹೊರಟ. ಆನೇಕಲ್ ಕಡೆ ಒಂದೊಂದೇ ಕೆರೆ ನಡೆದು ನೋಡಿದ. ಮೂರನೇ ದಿನ ಮಧ್ಯಾಹ್ನ ಒದ್ದೆ ಗೋಣಿಚೀಲ ಹೆಗಲ ಮೇಲೆ ಹೊತ್ತುಕೊಂಡು ಬಂದ. ಅಷ್ಟೊತ್ತಿಗೆ ಅಕ್ಕನನ್ನ ಜಗಲಿ ಮೇಲೆ ಮಲಗಿಸಿದ್ದರು. ಬೆಳಗ್ಗೆಯೇ ಹೋಗಿಬಿಟ್ಟಿದ್ದಳು. ಚೀಲದೊಳಗೆ ಮೀನು ಇನ್ನೂ ಮಿಸುಕುತ್ತಿತ್ತು. ಅಪ್ಪ ಅದನ್ನ ಇಳಿಸದೆ ಅಂಗೇ ನಿಂತಿದ್ದ. ಪಕ್ಕದ ಮನೆಯವರು ಬಂದು ಚೀಲ ತೆಗೆದುಕೊಂಡರು.

ಆ ಮಗು ಈಗ ಪೀಣ್ಯದಲ್ಲಿ ಐದಾರು ಜನಕ್ಕೆ ಕೆಲಸ ಹೇಳೋ ಹೆಂಗಸು. ಹೋದ ತಿಂಗಳು ಬಂದಿದ್ದಾಗ ಮೊದಲ ಸಲ ಅವಳಿಗೆ ಎಲ್ಲಾ ಹೇಳಿದೆ. ಇಷ್ಟು ವರ್ಷ ನಾನೇ ಕೊಂದೆ ಅಂದುಕೊಂಡೇ ಬದುಕಿದ್ದೆ ಅಂತಲೂ ಹೇಳಿದೆ.

"ಎಂಟು ಮೀನೂ ತಿಂದಿದ್ರೂ ಉಳೀತಿರಲಿಲ್ಲ ಬಿಡು ಚಿಕ್ಕಮ್ಮ," ಅಂದಳು. ಆಮೇಲೆ ಕೇಳಿದಳು, "ಬಸ್ಸು ಎಷ್ಟೊತ್ತಿಗೆ ಬರ್ತಿತ್ತು?"

"ಬೆಳಗ್ಗೆ ಒಂದು, ಸಾಯಂಕಾಲ ಒಂದು."



ಕೆರೆಗೆ ಈಗ ತಂತಿಬೇಲಿ ಹಾಕಿದ್ದಾರೆ, ಸುತ್ತ ವಾಕಿಂಗ್ ಮಾಡ್ತಾರೆ. ಕಲ್ಲುತೊಟ್ಟಿ ಒಡೆದು ಅಲ್ಲಿ ಬಾಡಿಗೆಯವರಿಗೆ ಬಚ್ಚಲು ಕಟ್ಟಿಸಿದೆವು. ಅದಕ್ಕೆಲ್ಲ ನನಗೆ ದುಃಖ ಇಲ್ಲ. ಹತ್ತೊಂಬತ್ತು ವರ್ಷದವಳು ಹೋದಳು, ಅದೊಂದೇ ಹೋಗಿದ್ದು. ನರ್ಸಮ್ಮ ಹೇಳಿದ ಮೇಲೂ ಎಂಟು ದಿನ ನಮ್ಮೂರಿಗೆ ಬಸ್ಸು ಬಂತು, ತಿರುಗಿಸಿಕೊಂಡು ಹೋಯಿತು. ಮನೆಯವರೆಲ್ಲ ಹಿತ್ತಿಲಲ್ಲಿ ಮೀನು ನೋಡುತ್ತಾ ನಿಂತಿದ್ದೆವು.