ಸ್ವಿಚ್ಚಿಗೆ ಸುತ್ತಿದ ಟ್ಯೂಬು

ಕಟ್ಟಿಗೆ ಸೀಳುವ ಕರೆಂಟಿನ ಮಷೀನು ಕೆಟ್ಟ ದಿನ ನಾನು ಅದಕ್ಕೆ ಬಾಯಿಗೆ ಬಂದಂತೆ ಬೈದೆ. ಬಾಗೇವಾಡಿಯ ನಮ್ಮ ಮನೆಯಲ್ಲಿ ನಾನು ಜೋಳದ ರೊಟ್ಟಿ ಬಡಿದು ಮಾರುತ್ತೇನೆ. ಒಲೆಗೆ ಬೇಕಾದ ಜಾಲಿ ಕಟ್ಟಿಗೆಯನ್ನು ನಮ್ಮ ಮನೆಯವರು ಸೀಳಿ ಕೊಡುತ್ತಾರೆ. ಅಂದು ಮೋಟಾರು ಗುಂಯ್ ಅನ್ನುತ್ತಿತ್ತು, ಕೊರಡನ್ನು ಬೆಣೆಯ ಕಡೆಗೆ ತಳ್ಳುವ ದಂಡ ಮಾತ್ರ ಇದ್ದಲ್ಲೇ ಇತ್ತು. ಕೆಳಗೆ ಎಣ್ಣೆ ಸೋರಿ ಮಣ್ಣೆಲ್ಲ ಕಪ್ಪಾಗಿತ್ತು.

ನಮ್ಮವರಿಗೆ ಲಕ್ವಾ ಹೊಡೆದು ಎಡಗೈ ಬಿದ್ದುಹೋಗಿದೆ. ಮೊದಲು ಅವರದು ದೊಡ್ಡ ಗಂಟಲು; ಏನೇ ಹೇಳಿದರೂ ಜಗಳಕ್ಕೆ ನಿಂತಂತೆ ಇರುತ್ತಿತ್ತು. ಲಕ್ವಾ ಹೊಡೆದ ಮೇಲೆ ಅಂಗಿಯ ಗುಂಡಿ ಹಾಕಲೂ ನನ್ನನ್ನೇ ಕೇಳಬೇಕು. ಅದೂ ಮೆತ್ತಗೆ, ಬೀಗರ ಮನೆಯಲ್ಲಿ ನೀರು ಕೇಳಿದ ಹಾಗೆ. ಆ ದನಿ ಕೇಳಬಾರದೆಂದು ನಾನು ಮೊದಲೇ ಹೋಗಿ ಗುಂಡಿ ಹಾಕಿಬಿಡುತ್ತಿದ್ದೆ. ಮುದ್ದೇಬಿಹಾಳದಿಂದ ಈ ಹಳೆಯ ಮಷೀನು ಕೊಂಡು ತಂದ ಮೇಲೆ ಸೀಳುವ ಕೆಲಸವೊಂದನ್ನು ಯಾರನ್ನೂ ಕೇಳದೆ ಮಾಡುತ್ತಿದ್ದರು.

ರಿಪೇರಿಗೆ ಅವರು ಕುರ್ಚಿಯಲ್ಲಿ ಕುಳಿತು ಹೇಳುವುದು, ನಾನು ನೆಲಕ್ಕೆ ಕುಳಿತು ಮಾಡುವುದು ಎಂದಾಯಿತು.

"ಮೊದಲ ಪ್ಲಗ್ ತಗಿ. ಆಮ್ಯಾಲ ಆ ನಟ್ಟಿಗೆ ಪಾನಾ ಹಾಕು."

"ಹಾಕೇನ್ರಿ. ತಿರಗವಲ್ದು."

"ಜೋರ್ ಹಚ್ಚು. ರೊಟ್ಟಿ ಬಡಿಯೂ ಕೈ ಐತಿ ನಿಂದು."

ಎಣ್ಣೆಯನ್ನು ಬೋಗುಣಿಗೆ ಸುರಿದೆ. ಸುಟ್ಟ ವಾಸನೆ ಬಂತು. ದಂಡದ ಬಾಯಿಗಿದ್ದ ರಬ್ಬರಿನ ಸೀಲು ಕಾದು ಬಿರಿದಿತ್ತು. "ಇಷ್ಟ್ಯಾಕ ಕಾದೈತ್ರಿ?" ಎಂದೆ. ಅವರು ಬೀದಿಯ ಕಡೆ ಮುಖ ತಿರುಗಿಸಿದರು. ಮಷೀನನ್ನು ಮಗ್ಗುಲಿಗೆ ಹೊರಳಿಸಿದಾಗ ಕಂಡಿತು: ಸ್ವಿಚ್ಚಿಗೆ ಸೈಕಲ್ ಟ್ಯೂಬಿನ ಪಟ್ಟಿ ಬಿಗಿಯಾಗಿ ಸುತ್ತಿತ್ತು.

ಈ ಮಷೀನಿಗೆ ಎರಡೂ ಕೈ ಬೇಕು. ಒಂದು ಸ್ವಿಚ್ಚು ಒತ್ತಿ ಹಿಡಿದಿರಬೇಕು, ಇನ್ನೊಂದು ಹಿಡಿಕೆ ಒತ್ತಬೇಕು. ಎರಡೂ ಕೈ ಬೆಣೆಯಿಂದ ದೂರ ಇರಲಿ ಎಂದೇ ಹಾಗೆ ಮಾಡಿದ್ದಾರೆ. ಕೊಳ್ಳುವಾಗ "ಅಷ್ಟು ಒತ್ತಾಕ ನನ್ನ ಎಡಗೈಗೆ ಬರತೈತಿ" ಎಂದು ಇವರು ಹೇಳಿದ್ದರು, ನಾನೂ ನಂಬಿದ್ದೆ. ನೋಡಿದರೆ, ಟ್ಯೂಬು ಸುತ್ತಿ ಮೋಟಾರನ್ನು ಬಿಡುವಿಲ್ಲದೆ ಓಡಿಸಿ ಒಂದೇ ಕೈಯಲ್ಲಿ ಸೀಳುತ್ತಿದ್ದರು. ಎಡಗೈಯ ಉಗುರು ಕಪ್ಪಾಗಿದ್ದಕ್ಕೆ, ಬಾಗಿಲ ಸಂದಿಯಲ್ಲಿ ಸಿಕ್ಕಿತು ಎಂದಿದ್ದರು. ಆ ಕೈಗೆ ಸ್ಪರ್ಶವೇ ಇಲ್ಲ. ಬೆಣೆಯ ಮುಂದೆ ಬಿದ್ದಿದ್ದರೂ ಅವರಿಗೆ ಗೊತ್ತಾಗುತ್ತಿರಲಿಲ್ಲ.

"ಬಾಗಲಾ ಏನ್ರಿ ಇದು?" ಆ ಕೈ ಎತ್ತಿ ಹಿಡಿದು ಕೇಳಿದೆ. "ಸುಳ್ಳ ಹೇಳಾಕ ನಾಚ್ಕಿ ಬರಲಿಲ್ಲೇನು?"

"ಟ್ಯೂಬ್ ಬಿಚ್ಚಬ್ಯಾಡ," ಎಂದರು. "ಬಿಚ್ಚಿದ್ರ ಈ ಕೆಲಸಾನೂ ಹೋತು. ಇದೊಂದ ಉಳದಿತ್ತು ನನಗ."

ಅಳು ಬಂತು, ಸಿಟ್ಟೂ ಬಂತು. ಅಳುತ್ತಲೇ ಕುಡಗೋಲು ತಂದು ಟ್ಯೂಬನ್ನು ಕೊಯ್ದು ಬೀದಿಗೆ ಎಸೆದೆ. ಅವರು ತಡೆಯಲಿಲ್ಲ. ಊಟಕ್ಕೆ ಕರೆದರೆ ಹಸಿವಿಲ್ಲ ಎಂದರು.

ಮುದ್ದೇಬಿಹಾಳದಿಂದ ಹೊಸ ಸೀಲು ಬಂದ ಮೇಲೆ ಅದನ್ನು ಕೂಡಿಸಿ, ಎಣ್ಣೆ ತುಂಬಿ, ಒಳಗಿನ ಗಾಳಿ ಹೋಗಲೆಂದು ತಿರುಪು ಸಡಿಲಿಸಿದೆ. ಕೇಳಿದ್ದಕ್ಕಷ್ಟೇ ಅವರ ಉತ್ತರ.

"ಬರ್ರಿ, ನೀವು ಹಿಡಿಕಿ ಹಿಡೀರಿ. ಸ್ವಿಚ್ ನಾ ಒತ್ತತೇನಿ."

"ನಿನ್ನ ರೊಟ್ಟಿ?"

"ಕಟ್ಟಿಗಿ ಇಲ್ದ ಯಾವ ರೊಟ್ಟಿ ಬೇಯಿಸ್ಲಿ? ಬರ್ರಿ."

ಅವರು ಕುಳಿತೇ ಇದ್ದರು. ನಾನು ಕರೆಯುವುದನ್ನು ಬಿಟ್ಟು ಸ್ವಿಚ್ಚಿನ ಹತ್ತಿರ ನಿಂತೆ. ಕೊನೆಗೆ ಎದ್ದು ಬಂದರು. ಬಲಗೈಯಿಂದ ಎಡಗೈಯನ್ನು ಎತ್ತಿ, ಸೊಂಟಕ್ಕೆ ಸುತ್ತಿದ ಟಾವೆಲ್ಲಿನೊಳಗೆ ಸಿಕ್ಕಿಸಿಕೊಂಡು ಹಿಡಿಕೆ ಹಿಡಿದರು. ದಂಡ ಮುಂದೆ ಹೋಯಿತು, ಗಂಟುಗಂಟಾದ ಜಾಲಿಯ ಕೊರಡು ಕಿರುಗುಟ್ಟಿತು. ಎಲ್ಲಿ ಸಿಡಿಯುತ್ತದೋ ಎಂದು ಹೆದರಿ ನಾನು ಕೈ ತೆಗೆದುಬಿಟ್ಟೆ. ದಂಡ ಹಿಂದಕ್ಕೆ ಸರಿಯಿತು.

"ಏ! ಖಬರ್ ಐತಿಲ್ಲ ನಿನಗ?" ಎಂದು ಕೂಗಿದರು. "ನಾ ಹೇಳೂತನಕ ಕೈ ತಗೀಬ್ಯಾಡ!"

ಒಂದಕ್ಕೆ ಎರಡು ಮಾತಾಡುವವಳು ನಾನು. ಅಂದು ತುಟಿ ಬಿಚ್ಚದೆ ಸ್ವಿಚ್ಚು ಒತ್ತಿ ಹಿಡಿದೆ. ಲಕ್ವಾ ಹೊಡೆದ ಮೇಲೆ ಅವರು ನನಗೆ ಬೈದದ್ದು ಅದೇ ಮೊದಲು.